ಬೀಗರ ಮನೆಯ ಅತ್ತರು

ಮದುವೆ ಮನೆಯಲ್ಲಿ ಕೆಲಸವಿರುವ ದಿನ ನಾನು ಮೈಗೆ ಏನನ್ನೂ ಹಚ್ಚಿಕೊಳ್ಳುವುದಿಲ್ಲ. ಪೌಡರೂ ಇಲ್ಲ, ತಲೆಗೆ ಪರಿಮಳದ ಎಣ್ಣೆಯೂ ಇಲ್ಲ. ಸೀರೆಯನ್ನು ಬರೀ ನೀರಿನಲ್ಲಿ ಜಾಲಿಸಿ, ನೆರಳಿಗೆ ಒಣಗಿಸಿ ಉಡುತ್ತೇನೆ. ಅತ್ತರು ಮಾರುವವಳು ಹೀಗೆ ಬೋಳು ಬೋಳಾಗಿ ಬರುವುದನ್ನು ಕಂಡು ಹೆಂಗಸರು ಮುಸಿಮುಸಿ ನಗುತ್ತಾರೆ. ನಕ್ಕರೆ ನಗಲಿ. ನನ್ನ ಮೈಯೇ ಘಮ್ಮೆನ್ನುತ್ತಿದ್ದರೆ ಇನ್ನೊಬ್ಬರ ಮೈಮೇಲೆ ಯಾವ ವಾಸನೆ ಹೇಗೆ ಕೂತಿದೆ ಎಂದು ನನಗೆ ತಿಳಿಯುವುದಾದರೂ ಹೇಗೆ?

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಅತ್ತರು, ಸೆಂಟು, ಊದುಬತ್ತಿ, ಧೂಪ ಮಾರುತ್ತೇನೆ. ಮದುವೆಯ ಹಂಗಾಮಿನಲ್ಲಿ ಕರೆದವರ ಮನೆಗೆ ಹೋಗಿ ಮದುಮಗಳಿಗೆ ಅತ್ತರು ಹಚ್ಚಿ ಬರುತ್ತೇನೆ. ಇದೇನು ದೊಡ್ಡ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಬೆಳಿಗ್ಗೆ ಹಚ್ಚಿದ್ದು ಹೋಮದ ಹೊಗೆ, ಬೆವರು, ಜನರ ತಳ್ಳಾಟ ಎಲ್ಲವನ್ನೂ ದಾಟಿ ಸಂಜೆಯ ತನಕ ನಿಲ್ಲಬೇಕು, ಪಕ್ಕದಲ್ಲಿ ಕೂತವರಿಗೆ ತಲೆನೋವು ಬರಬಾರದು. ಒಮ್ಮೆ ಮಾಡಿ ನೋಡಲಿ, ಗೊತ್ತಾಗುತ್ತದೆ.

ಆ ಹುಡುಗಿ ಬಬಲೇಶ್ವರದವಳು. ವಿಜಯಪುರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ಮದುವೆ ಹತ್ತಿರ ಬಂದಾಗ ತನ್ನನ್ನು ಸಾಕಿ ಬೆಳೆಸಿದ ಸೋದರತ್ತೆಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಮಾತು ಕಡಿಮೆ, ಆದರೆ ತನಗೆ ಏನು ಬೇಕು ಎನ್ನುವುದು ಸ್ಪಷ್ಟವಾಗಿ ಗೊತ್ತಿತ್ತು.

"ಭಾಳ ಜೋರ ಇರಬಾರದ್ರಿ ಅಕ್ಕಾರ. ಬಾಜೂಕ ಕುಂತವರಿಗಷ್ಟ ಗೊತ್ತಾಗಬೇಕು" ಎಂದಳು.

"ಬಾಜೂಕ ಕುಂಡ್ರಾಂವ ಒಬ್ಬನ ಅಲ್ಲೇನ? ಅಂವಗ ಗೊತ್ತಾದ್ರ ಸಾಕು ಬಿಡು" ಎಂದು ಸೋದರತ್ತೆ ಕಣ್ಣು ಮಿಟುಕಿಸಿದಳು. ಹುಡುಗಿಯ ಕಿವಿ ಕೆಂಪಾಯಿತು.

ನಾನು ಬಾಟಲಿ ಮೂಸಿ ಆರಿಸಲು ಯಾರಿಗೂ ಬಿಡುವುದಿಲ್ಲ. ಬಾಟಲಿಯ ಬಾಯಲ್ಲಿ ಬರುವುದು ಅತ್ತರಿನ ಬಡಾಯಿ ಅಷ್ಟೇ. ಅವಳ ಎರಡೂ ಕೈಗೆ ಬೇರೆ ಬೇರೆ ಎರಡನ್ನು ಮುಟ್ಟಿಸಿ, ತಿಕ್ಕಬೇಡ ಎಂದು ಹೇಳಿ, ಬಿಸಿಲಲ್ಲಿ ಚೌಕದ ಸುತ್ತ ಒಂದು ಸುತ್ತು ಹಾಕಿ ಬಾ ಎಂದು ಕಳಿಸಿದೆ. ಆಟೋಗಳ ಹೊಗೆ, ಹಣ್ಣಿನ ಗಾಡಿಗಳು, ಗದ್ದಲ ಎಲ್ಲದರ ನಡುವೆ ನಡೆದು ಬಂದ ಮೇಲೆ ಮೈಮೇಲೆ ಉಳಿದದ್ದೇ ನಿಜವಾದ ವಾಸನೆ. ಹಾಗೆ ನಾಲ್ಕು ಸಲ ತಿರುಗಿಸಿ ಕೊನೆಗೆ ಚಂದನದ ತಳಕ್ಕೆ ಸ್ವಲ್ಪ ದುಂಡುಮಲ್ಲಿಗೆ, ಬೇಸಿಗೆ ಎಂದು ಒಂದಿಷ್ಟು ಲಾವಂಚ ಸೇರಿಸಿ ಕೊಟ್ಟೆ. ಅವಳು ಮೊಣಕೈಯ ಒಳಮಡಿಕೆಯನ್ನು ಮೂಸಿ ನೋಡಿ, "ಹಿಂಗ ಇರ್ಲಿರಿ" ಎಂದು ನಕ್ಕಳು. ಕಪ್ಪು ಬಾಟಲಿಗೆ ತುಂಬಿಸಿ, ಕಿಟಕಿಯಲ್ಲಿ ಇಡಬೇಡ, ಬಿಸಿಲು ಬಿದ್ದರೆ ಸತ್ತು ಹೋಗುತ್ತದೆ ಎಂದು ಎಚ್ಚರಿಸಿ ಕಳಿಸಿದೆ.

ಮದುವೆ ಗಂಡಿನ ಮನೆಯಲ್ಲಿ, ಘೋಣಸಗಿಯ ಹೊಲದಲ್ಲಿ. ಟಿಕೋಟಾ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ದ್ರಾಕ್ಷಿ ಬಳ್ಳಿಯ ಪಡಗಳು, ನಡುನಡುವೆ ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಗಂಡಿನ ಮನೆಯವರದ್ದೂ ಅದೇ ಬೇಸಾಯ. ಮನೆಯ ಮುಂದೆ ದೊಡ್ಡ ಹಂದರ ಹಾಕಿದ್ದರು. ಹಂದರದ ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಹಸಿರು ಜಾಳಿಗೆಯ ಪರದೆ ಕಟ್ಟಿದ ಶೆಡ್ಡು, ಹಿಂದೆ ಎತ್ತರದ ನೀರಿನ ಟಾಕಿ. ಟಾಕಿಯ ತಳಕ್ಕೆ ಹೆಜ್ಜೇನಿನ ಹುಟ್ಟುಗಳು ಸಾಲಾಗಿ ಜೋತುಬಿದ್ದಿದ್ದವು. ಒಂದೊಂದೂ ಮೊರದಷ್ಟು ಅಗಲ.

ನಾನು ಅವನ್ನು ನೋಡುತ್ತ ನಿಂತಾಗ ಚಹಾ ಕೊಡಲು ಬಂದ ಗಂಡಿನ ಕಾಕಾ ಹೇಳಿದ. "ಏನೂ ಮಾಡೂದಿಲ್ಲ ಬರ್ರಿ. ಹೊಲದ ಲಕ್ಷ್ಮಿ ಅವು."

ಈ ಕಾಕಾನೇ ಮದುವೆಯ ಕಾರಭಾರಿ. ಬಿಳಿ ಧೋತರ, ಕೈಯಲ್ಲೊಂದು ಬೆತ್ತದ ಬಡಿಗೆ, ಎಲ್ಲರ ಮೇಲೂ ಒಂದು ಕಣ್ಣು. ಗಂಡಿಗೆ ತಂದೆ ಇಲ್ಲ, ಕಾಕಾ ತಂದೆಯ ತಮ್ಮ. ಮನೆಯಲ್ಲಿ ಕಾಕಾನ ಮಾತೇ ಕೊನೆಯ ಮಾತು ಎಂದು ಸೋದರತ್ತೆ ನನ್ನ ಕಿವಿಯಲ್ಲಿ ಹೇಳಿದಳು.

ಸುರಗಿ ನೀರಿನ ಸ್ನಾನದ ಶಾಸ್ತ್ರ ಮುಗಿದು ಹುಡುಗಿಯನ್ನು ಒಳಕೋಣೆಗೆ ಕರೆತಂದರು. ಅಕ್ಷತೆಯ ಅಕ್ಕಿಕಾಳು ಬೀಳುವುದು ಮಧ್ಯಾಹ್ನ. ಅದು ಬಿದ್ದರೇ ನಮ್ಮ ಕಡೆ ಮದುವೆ ಆದಂತೆ. ಅಷ್ಟರಲ್ಲಿ ನನ್ನ ಕೆಲಸ ಮುಗಿಯಬೇಕಿತ್ತು. ಕಿವಿಯ ಹಿಂದೆ, ಕುತ್ತಿಗೆಯ ಕುಳಿಯಲ್ಲಿ, ಮೊಣಕೈ ಮಡಿಕೆಯಲ್ಲಿ ಒಂದೊಂದು ಹನಿ ಮುಟ್ಟಿಸಿದೆ. ಹತ್ತಿಯ ಸಣ್ಣ ಉಂಡೆಗೆ ಅತ್ತರು ತಾಕಿಸಿ ಜಡೆಯ ಬುಡದಲ್ಲಿ ಸಿಗಿಸಿದೆ. ರೇಷ್ಮೆಗೆ ಮಾತ್ರ ತಾಗಿಸುವುದಿಲ್ಲ, ಕಲೆ ಬೀಳುತ್ತದೆ, ಜರಿ ಕಪ್ಪಾಗುತ್ತದೆ. ಕೋಣೆ ತಂಪಾಗಿ ಘಮಘಮಿಸಿತು. ಹುಡುಗಿ ಕಣ್ಣು ಮುಚ್ಚಿಕೊಂಡು ಉಸಿರೆಳೆದಳು. ನನಗೂ ಖುಷಿಯಾಯಿತು.

ಆಗ ಗಂಡಿನ ತಾಯಿ ತಾಟು ಹಿಡಿದುಕೊಂಡು ಒಳಗೆ ಬಂದಳು. ತಾಟಿನಲ್ಲಿ ಕೆಂಪು ರೇಷ್ಮೆ ಸೀರೆ, ಬಳೆ, ಕುಂಕುಮ, ಜೊತೆಗೆ ಉದ್ದ ಕತ್ತಿನ ಒಂದು ಸೆಂಟಿನ ಬಾಟಲಿ. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಅಕ್ಕಿಕಾಳಿಗೆ ಕೂಡುವ ಹೆಣ್ಣಿನ ಮೈಮೇಲೆ ತವರಿನ ವಾಸನೆ ಇರಕೂಡದು. ಸೀರೆಯಂತೆ ಅತ್ತರೂ ಗಂಡಿನ ಮನೆಯದ್ದೇ ಆಗಬೇಕು, ಅದನ್ನು ಅತ್ತೆಯೇ ಕೈಯಾರೆ ಹಚ್ಚಬೇಕು. ಇದನ್ನು ಮೊದಲೇ ಹೇಳಿದ್ದರೆ ನಾನು ಆ ಬಾಟಲಿಯನ್ನು ತರಿಸಿ ನೋಡಿಯೇ ಇರುತ್ತಿದ್ದೆ. ಯಾರೂ ಹೇಳಿರಲಿಲ್ಲ.

"ಏನ ಹಚ್ಚೀರಿ ಅದನ್ನೆಲ್ಲಾ ಒರಸ್ರಿ" ಎಂದಳು ಬೀಗತಿ.

ನಾನು ಹಸಿ ಬಟ್ಟೆ ತೆಗೆದುಕೊಂಡು, ಹಲ್ಲು ಕಚ್ಚಿಕೊಂಡು ಒರೆಸಿದೆ. ಮದುವೆ ಮನೆಯಲ್ಲಿ ಬೀಗತಿಯ ಜೊತೆ ಜಗಳ ಆಡುವ ಹುಚ್ಚಿ ನಾನಲ್ಲ. ಆದರೆ ಅವಳು ಬಾಟಲಿಯ ಮುಚ್ಚಳ ತೆಗೆದ ಕೂಡಲೇ ನಾನು ಒರೆಸುವುದನ್ನು ನಿಲ್ಲಿಸಿದೆ. ಅದು ಕಳಿತ ಬಾಳೆಹಣ್ಣಿನ ವಾಸನೆ. ಪೇಟೆಯಲ್ಲಿ ಈಗ ಹಣ್ಣಿನ ಸೆಂಟುಗಳದ್ದೇ ಭರಾಟೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಹಿಂದೊಮ್ಮೆ ಸೂರ್ಯಕಾಂತಿ ಹೊಲಗಳಲ್ಲಿ ಜೇನುಪೆಟ್ಟಿಗೆ ಇಡುವವನೊಬ್ಬ ನನ್ನ ಅಂಗಡಿಯಲ್ಲಿ ಬಾಳೆಹಣ್ಣಿನ ಎಸೆನ್ಸ್ ಮೂಸಿ ಹಿಂದಕ್ಕೆ ಸರಿದಿದ್ದ. ಹುಳ ಕಚ್ಚಿದ ಜಾಗದಿಂದ ಬರುವುದು ಇದೇ ವಾಸನೆ, ಇದನ್ನು ಹಿಡಿದೇ ಉಳಿದವು ಬಂದು ಕಚ್ಚುತ್ತವೆ, ನಾವು ಬಾಳೆಹಣ್ಣು ತಿಂದು ಪೆಟ್ಟಿಗೆಯ ಹತ್ತಿರ ಹೋಗುವುದಿಲ್ಲ ಎಂದು ಅವನು ಹೇಳಿದ್ದ.

"ಬೀಗತೇರ, ಇದೊಂದು ಬ್ಯಾಡ್ರಿ" ಎಂದೆ. "ಹೊರಗ ಟಾಕಿಗೆ ಹೆಜ್ಜೇನ ಅದಾವು. ಈ ವಾಸನಿಗೆ ಸಿಟ್ಟಿಗೇಳ್ತಾವು. ಶಾಸ್ತ್ರಕ್ಕ ಬೇಕಂದ್ರ ಸೀರಿ ಒಳಗಿನ ಪರಕಾರದ ಅಂಚಿಗೆ ಒಂದ ಹನಿ ಹಚ್ಚರಿ, ಸಾಕು."

"ನಮ್ಮ ಮನಿ ಅತ್ತರ ನಿಮಗ ನಾರತೈತೇನ?"

"ನಾರತೈತಿ ಅನ್ಲಿಲ್ರಿ."

"ನಾ ಸೊಸಿಯಾಗಿ ಈ ಮನಿಗೆ ನಡೀಲಿಕ್ಕೆ ಬಂದಾಗಿಂದ ಆ ಜೇನ ನೋಡಾಕತ್ತೇನಿ. ನಮ್ಮ ಮನಿ ವಾಸನಿ ಅವಕ್ಕ ಗೊತ್ತೈತಿ. ನೀವು ನಿಮ್ಮ ಮಾಲು ಖರ್ಚಾಗಲಿಲ್ಲಂತ ಹೊಟ್ಟಿಕಿಚ್ಚ ಮಾಡಬ್ಯಾಡ್ರಿ."

ಅವಳು ಹುಡುಗಿಯನ್ನು ನಿಲ್ಲಿಸಿ, ತಾನು ತಂದ ಸೀರೆ ಉಡಿಸಿ, ಅದರ ಸೆರಗಿಗೆ, ನೆರಿಗೆಗೆ, ಬೆನ್ನಿಗೆ ಪಿಸ್ ಪಿಸ್ ಎಂದು ಹೊಡೆದಳು. ಬಾಟಲಿಯಿಂದ ಸೋರಿದ್ದನ್ನು ಎರಡೂ ಅಂಗೈಗೆ ಸವರಿಕೊಂಡು ಸೊಸೆಯ ತಲೆಗೂ ನೇವರಿಸಿದಳು. ಅದರಲ್ಲಿ ಪ್ರೀತಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಹುಡುಗಿ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಹುಡುಗಿಯನ್ನು ಹಂದರಕ್ಕೆ ಕರೆತಂದು ಮಣೆಯ ಮೇಲೆ ಕೂಡಿಸಿದರು. ನಾನು ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆಯೇ ನಿಂತೆ, ಮನಸ್ಸಿಗೆ ಸಮಾಧಾನವಿರಲಿಲ್ಲ. ಗಂಡಿನ ಮೆರವಣಿಗೆ ಗುಡಿಯಿಂದ ತಿರುಗಿ ಬರುತ್ತಿತ್ತು. ಡಿಜೆಯ ಏಟಿಗೆ ನೆಲ ಅದುರುತ್ತಿತ್ತು. ಗಂಡಿನ ಗೆಳೆಯರು ಕುಣಿಯುತ್ತ ಬಂದವರು ನೆರಳಿದೆ ಎಂದು ಟಾಕಿಯ ಕೆಳಗೇ ನಿಂತು, ಅಲ್ಲೇ ಪಟಾಕಿಯ ಸರ ಹಚ್ಚಿದರು.

ಮೊದಲು ಶಬ್ದ ಬಂತು, ಹುಳ ಕಾಣಿಸಿದ್ದು ಆಮೇಲೆ. ಟಾಕಿಯ ತಳ ಕಳಚಿ ಬಿದ್ದಂತೆ ಕಪ್ಪಗೆ ಇಳಿದವು. ಕುಣಿಯುತ್ತಿದ್ದವರು ಮುಖ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಅಡುಗೆಯವನೊಬ್ಬ ಕುರುಡನಂತೆ ಓಡಿ ಕುದಿಯುವ ಸಾರಿನ ಹಂಡೆಗೆ ಡಿಕ್ಕಿ ಹೊಡೆದ. ಹಂಡೆ ಉರುಳಿ ಅವನ ಕಾಲು ಬೆಂದವು. ಅವನ ಕಿರುಚಾಟ ಇವತ್ತಿಗೂ ನನ್ನ ಕಿವಿಯಲ್ಲಿದೆ. ಗೂಟಕ್ಕೆ ಕಟ್ಟಿದ್ದ ಎತ್ತು ಹಗ್ಗ ಜಗ್ಗಿ ಜಗ್ಗಿ, ಬಿಡಿಸಿಕೊಳ್ಳಲಾಗದೆ, ನಿಂತಲ್ಲೇ ಕುಸಿಯಿತು. ಹಿರಿಯರನ್ನು ತುಳಿದು ಕಿರಿಯರು ಓಡಿದರು. ಡಿಜೆ ಬಡಿದುಕೊಳ್ಳುತ್ತಲೇ ಇತ್ತು, ಅದನ್ನು ಬಂದ್ ಮಾಡಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಹುಡುಗಿ ಎದ್ದು ಮನೆಯ ಕಡೆ ಓಡಿದಳು. ಒಳಗೆ ನುಗ್ಗಿದವರು ಬಾಗಿಲು ಹಾಕಿ ಚಿಲಕ ಜಡಿದಿದ್ದರು. ಅವಳು ಎರಡೂ ಕೈಯಿಂದ ಬಾಗಿಲು ಬಡಿದಳು. ಒಳಗೆ ಸೋದರತ್ತೆ "ತಗೀರಿ, ನಮ್ಮ ಹುಡುಗಿ ಹೊರಗ ಐತಿ, ತಗೀರೋ" ಎಂದು ಅರಚುತ್ತಿದ್ದದ್ದು ಕೇಳಿಸುತ್ತಿತ್ತು. ಯಾರೂ ತೆಗೆಯಲಿಲ್ಲ. ಅಷ್ಟರಲ್ಲಿ ಕೆಂಪು ಸೀರೆಯ ಬೆನ್ನು ಪೂರಾ ಕಪ್ಪಾಗಿತ್ತು. ನನ್ನ ಮೇಲೆ ಅಲ್ಲೊಂದು ಇಲ್ಲೊಂದು ಕೂತಿದ್ದವು. ಅವಳ ಮೇಲೆ ರಾಶಿ ರಾಶಿ. ನಾನು ಅವಳ ರಟ್ಟೆ ಹಿಡಿದು ಎಳೆದುಕೊಂಡು ಒಣದ್ರಾಕ್ಷಿಯ ಶೆಡ್ಡಿನ ಕಡೆ ಓಡಿದೆ. ಜಾಳಿಗೆ ಎತ್ತಿ ಅವಳನ್ನು ಒಳಗೆ ನೂಕಿ, ನಾನೂ ಉರುಳಿ, ಜಾಳಿಗೆಯ ಅಂಚಿನ ಮೇಲೆ ಇಟ್ಟಿಗೆ ಹೇರಿದೆ.

ಹೊರಗಿನವು ಹೊರಗೇ ಉಳಿದವು. ಆದರೆ ಸೀರೆಯ ಮಡಿಕೆಯಲ್ಲಿ ಕೂತು ಬಂದವು ಕಚ್ಚುತ್ತಲೇ ಇದ್ದವು. ಹೊರಗಿನಿಂದ ಜಾಳಿಗೆಗೆ ಬಂದು ಬಂದು ಅಪ್ಪಳಿಸುತ್ತಿದ್ದವು. ಆ ವಾಸನೆ ಇರುವ ತನಕ ಅವು ಬಿಡುವಂತಿರಲಿಲ್ಲ. ಯೋಚಿಸಲು ಸಮಯವಿರಲಿಲ್ಲ. ಸೆರಗಿಗೆ ಕೈ ಹಾಕಿ ಕಿತ್ತೆ. ಮದುಮಗಳ ಸೀರೆಗೆ ಎಷ್ಟು ಪಿನ್ನು ಚುಚ್ಚಿರುತ್ತಾರೆ ಎನ್ನುವುದು ಉಟ್ಟವರಿಗೇ ಗೊತ್ತು. ಜಂಪರಿನ ತೋಳು ಹರಿಯಿತು, ಹೆಗಲ ಚರ್ಮ ಸೀಳಿತು, ನನ್ನ ಬೆರಳಿಗೆ ಪಿನ್ನು ನೆಟ್ಟವು. ಸೀರೆಯನ್ನು ಮುದ್ದೆ ಮಾಡಿ ಜಾಳಿಗೆಯ ಸಂದಿಯಿಂದ ಹೊರಗೆ ಒಗೆದೆ. ಮರುಗಳಿಗೆಯಲ್ಲಿ ಅದರ ಮೇಲೆ ಹುಳಗಳ ಗುಡ್ಡೆ ಬಿತ್ತು.

ಹುಡುಗಿ ಪರಕಾರ, ಜಂಪರಿನಲ್ಲಿ ನೆಲಕ್ಕೆ ಬಿದ್ದಿದ್ದಳು. ಮುಖ ಊದಿ ಕಣ್ಣು ಮುಚ್ಚಿ ಹೋಗಿದ್ದವು. ನನ್ನ ಪೆಟ್ಟಿಗೆಯಲ್ಲಿ ವಾಸನೆ ನೋಡುವ ದಪ್ಪ ಕಾಗದದ ಪಟ್ಟಿಗಳಿದ್ದವು. ಅವುಗಳ ಅಂಚಿನಿಂದ ಕುತ್ತಿಗೆ, ಬೆನ್ನು, ಕೆನ್ನೆಯ ಮೇಲಿನ ಮುಳ್ಳುಗಳನ್ನು ಕೆರೆದು ಕೆರೆದು ತೆಗೆದೆ. ಚಿಮಟಿ ಹಾಕಿದರೆ ಮುಳ್ಳಿನ ಬುಡದ ವಿಷದ ಚೀಲ ಒತ್ತಿಕೊಂಡು ಇನ್ನಷ್ಟು ಒಳಗೆ ಹೋಗುತ್ತದೆ ಎಂದು ಆ ಜೇನಿನವನೇ ಹೇಳಿದ್ದ. ಪ್ರತಿ ಗಾಯದಿಂದಲೂ ಬಾಳೆಹಣ್ಣಿನ ವಾಸನೆ ಏಳುತ್ತಿತ್ತು. ಅವಳ ಉಸಿರು ಸಿಳ್ಳೆ ಹಾಕಲು ಶುರುವಾಗಿತ್ತು.

"ಅಕ್ಕಾರ, ಗಂಟಲಾ ಮುಚ್ಚಾಕತ್ತೈತ್ರಿ" ಎಂದಳು.

"ಮಾತಾಡಬ್ಯಾಡ ನನ್ನವ್ವಾ. ಮೂಗಲೆ ಉಸಿರ ಎಳಿ."

ಅಷ್ಟರಲ್ಲಿ ಜಾಳಿಗೆಯನ್ನು ಯಾರೋ ಪರಚಿದರು. ಬೀಗತಿ. ನೆಲದ ಮೇಲೆ ತೆವಳುತ್ತ ಬಂದಿದ್ದಳು. ಎರಡೂ ಅಂಗೈಗೆ ಹುಳ ಮೆತ್ತಿಕೊಂಡಿದ್ದವು. ಸುಳ್ಳೇಕೆ ಹೇಳಲಿ, ಬಿದ್ದಿರಲಿ ಅಲ್ಲೇ ಎಂದು ಒಂದು ಗಳಿಗೆ ಅನ್ನಿಸಿತು. ನಂತರ ಜಾಳಿಗೆ ಎತ್ತಿ, ಅವಳ ತುರುಬು ಹಿಡಿದು ಒಳಗೆ ಎಳೆದುಕೊಂಡೆ. ದ್ರಾಕ್ಷಿ ಅದ್ದುವ ತೊಟ್ಟಿಯಲ್ಲಿ ನೀರಿತ್ತು. ಪೆಟ್ಟಿಗೆಯಲ್ಲಿದ್ದ ಸಾಬೂನು ತೆಗೆದು ಅವಳ ಕೈಗಳನ್ನು ಅದ್ದಿ ಅದ್ದಿ ತಿಕ್ಕಿದೆ. ಅವಳು ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ಶೆಡ್ಡಿನ ಇನ್ನೊಂದು ಬದಿಗೆ ತಗಡಿನ ಬಾಗಿಲು. ಅದು ರಸ್ತೆಯ ಕಡೆಗೆ. ಅಲ್ಲಿ ಹುಳ ಕಡಿಮೆ ಇದ್ದವು. ದ್ರಾಕ್ಷಿಯ ಬುಟ್ಟಿ ಸಾಗಿಸುವ ಒಂದು ಪಿಕಪ್ ಗಾಡಿ ನಿಂತಿತ್ತು. ಚಾಲಕನನ್ನು ಕೂಗಿ ಕರೆದೆ. ಅವನು ಗಾಡಿಯನ್ನು ಬಾಗಿಲ ಹತ್ತಿರ ತಂದು ನಿಲ್ಲಿಸಿದ. ನಾನು ಹುಡುಗಿಯ ಬಗಲಿಗೆ ಕೈ ಹಾಕುವಷ್ಟರಲ್ಲಿ ಗೋಣಿಚೀಲ ಹೊದ್ದುಕೊಂಡು ಇಬ್ಬರು ಬಾಗಿಲಲ್ಲಿ ಬಂದು ನಿಂತರು. ಕಾಕಾ, ಅವನ ಹಿಂದೆ ಮದುಮಗ.

ಕಾಕಾ ಹುಡುಗಿಯ ಮುಖವನ್ನೇ ನೋಡಲಿಲ್ಲ. ಪರಕಾರವನ್ನು ನೋಡಿದ.

"ಯಾವಾಕಿ ಬಿಚ್ಚಿದಾಕಿ ಸೀರಿ?"

"ನಾನ. ಜೇನ ತುಂಬಿದ್ವು. ಬಾಗಲಾ ಬಿಟ್ಟು ಸರೀರಿ, ದವಾಖಾನಿಗೆ ಒಯ್ಬೇಕು."

ಬಡಿಗೆ ನನ್ನ ಎಡಗೈಯ ಮೇಲೆ ಬಿತ್ತು. ಮೊಣಕೈ ಕೆಳಗೆ ಏನೋ ಕಳಕ್ಕೆಂದಿತು. "ನಮ್ಮ ಮನಿ ಹೆಣ್ಣಿನ ಸೀರಿ ಬಿಚ್ಚತಿ? ಹೊರಗ ಊರ ಮಂದಿ ನಿಂತಾರ. ಹಿಂಗ ಹೊರಗ ಒಯ್ಯಾಕ ನಾ ಬಿಡೂದಿಲ್ಲ. ಸೀರಿ ಉಡಸು ಮೊದಲ!"

"ಆಕಿಗೆ ಉಸಿರ ನಿಲ್ಲಾಕತ್ತೈತಿ!"

ಅವನು ಬಾಗಿಲಿಗೆ ಅಡ್ಡ ನಿಂತ. ನಾನು ಮದುಮಗನ ಕಡೆ ನೋಡಿದೆ. ಓದಿದ ಹುಡುಗ, ತಲೆಯ ಮೇಲೆ ಇನ್ನೂ ಬಾಸಿಂಗ ಇತ್ತು. ಇವನಾದರೂ ಹೆಂಡತಿಯಾಗುವವಳ ಪರ ಒಂದು ಮಾತಾಡಿಯಾನು ಎಂದುಕೊಂಡೆ.

ಅವನು ನೆಲ ನೋಡುತ್ತ ಹೇಳಿದ. "ಕಾಕಾ ಹೇಳೂದು ಖರೇ ಐತ್ರಿ. ಹಿಂಗ ಹೆಂಗ ಹೊರಗ ಒಯ್ಯೂದು? ಸೀರಿ ಉಡಸ್ರಿ."

ಆ ಸೀರೆ ಎಲ್ಲಿತ್ತು? ಅಂಗಳದಲ್ಲಿ, ಹುಳಗಳ ಕೆಳಗೆ. ಕಾಕಾ ಮದುಮಗನನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಅದನ್ನೇ ತರಲು ಹೋದ. ಜಾಳಿಗೆ ಎತ್ತಿ ಬಡಿಗೆಯಿಂದ ಸೀರೆಯನ್ನು ಒಳಗೆ ಎಳೆದ. ಸೀರೆಯ ಜೊತೆ ಒಂದು ಹಿಂಡು ಒಳಗೆ ಬಂತು. ಮತ್ತೆ ಹುಡುಗಿಯ ಮೇಲೆ ಎರಗಿದವು, ಬೀಗತಿಯ ಮೇಲೆ, ನನ್ನ ಮೇಲೆ, ಅವನ ಮೇಲೂ. ಮದುಮಗ ಗೋಣಿಚೀಲ ಸುತ್ತಿಕೊಂಡು ಮೂಲೆಗೆ ಸರಿದ, ಕಾಕಾ ತಿರುಗಿ ಬಂದು ಬಾಗಿಲಲ್ಲಿ ನಿಂತ. ನಾನು ಸೀರೆಯನ್ನು ಒದ್ದು ತೊಟ್ಟಿಯ ನೀರಿಗೆ ಬೀಳಿಸಿದೆ. ಹುಡುಗಿಯ ತುಟಿ ನೀಲಿಯಾಗುತ್ತಿದ್ದವು.

ಆಗ ನಾನು ನನ್ನ ಸೀರೆ ಬಿಚ್ಚಿದೆ. ಆ ಇಡೀ ಮದುವೆಯಲ್ಲಿ ಯಾವ ವಾಸನೆಯೂ ಇಲ್ಲದ ಬಟ್ಟೆ ಅದೊಂದೇ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಹುಡುಗಿಗೆ ತಲೆಯಿಂದ ಕಾಲಿನ ತನಕ ಸುತ್ತಿದೆ. ಅವಳ ತಾಯಿಯಾಗುವ ವಯಸ್ಸು ನನ್ನದು. ಗಂಡಸರ ಎದುರು ಪರಕಾರದಲ್ಲಿ ನಿಲ್ಲುವ ದಿನ ಬರುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಾಚಿಕೆಯಾಗಲಿಲ್ಲ. ಕೊಲ್ಲುವಷ್ಟು ಸಿಟ್ಟು ಬಂದಿತ್ತು.

"ಉಡಿಸೇನಿ ನೋಡು ಸೀರಿ. ಈಗ ದಾರಿ ಬಿಡು."

"ಲಜ್ಜಾ ಇಲ್ಲೇನ ಬೇ ನಿನಗ?" ಎಂದು ಅವನು ಮತ್ತೆ ಬಡಿಗೆ ಎತ್ತಿದ.

ನಾನು ಅತ್ತರಿನ ಪೆಟ್ಟಿಗೆಯ ಪಟ್ಟಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಅವನ ಮುಖಕ್ಕೆ ಬೀಸಿದೆ. ಸಾಗವಾನಿ ಕಟ್ಟಿಗೆಯ ಪೆಟ್ಟಿಗೆ ಅದು, ನನ್ನ ಮಾವನ ಕಾಲದ್ದು. ಮೂಗಿನ ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಅವನು ದ್ರಾಕ್ಷಿಯ ಅಟ್ಟಣಿಗೆಗೆ ಬಡಿದು ಕೆಳಗೆ ಬಿದ್ದ. ಪೆಟ್ಟಿಗೆ ಒಡೆದು ಬಾಟಲಿಗಳು ಚೂರಾದವು. ಗುಲಾಬಿ, ಕೇದಗೆ, ಚಂದನ ಎಲ್ಲ ಅವನ ರಕ್ತದ ಜೊತೆ ನೆಲಕ್ಕೆ ಹರಿದವು. ನಾನು ಅವನನ್ನು ದಾಟಿಕೊಂಡು ಹೋದೆ. ಚಾಲಕ ಓಡಿ ಬಂದು ಹುಡುಗಿಯನ್ನು ಎತ್ತಿಕೊಂಡ. ಬೀಗತಿ ತಾನೇ ತೆವಳಿಕೊಂಡು ಗಾಡಿ ಹತ್ತಿದಳು. ಮದುಮಗ ನಿಂತೇ ಇದ್ದ. ಅವನಿಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವನೂ ಬರಲಿಲ್ಲ.

ಟಿಕೋಟಾದ ದವಾಖಾನೆಯ ತನಕ ಹುಡುಗಿಯ ಬಾಯಿಗೆ ಕಿವಿ ಹಚ್ಚಿಕೊಂಡೇ ಕೂತಿದ್ದೆ. ಸಿಳ್ಳೆ ಸಣ್ಣದಾಗುತ್ತ ಹೋಯಿತು. ಒಮ್ಮೆ ನಿಂತೇ ಹೋಯಿತು. ನಾನು ಅವಳ ಕೆನ್ನೆಗೆ ಹೊಡೆದೆ. ಬೈದೆ, ಚೀರಿದೆ, ಮತ್ತೆ ಹೊಡೆದೆ. ಎಲ್ಲಿಂದಲೋ ಒಂದು ಉಸಿರು ಬಂತು. ಗಾಡಿ ನಿಂತದ್ದೇ ತಡ, ಅಲ್ಲಿಯ ಡಾಕ್ಟರಬಾಯಿ ಓಡಿ ಬಂದು, ಗಾಡಿಯಲ್ಲೇ ಹುಡುಗಿಯ ತೊಡೆಗೆ ಇಂಜೆಕ್ಷನ್ ಚುಚ್ಚಿದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದಳು. ಬೀಗತಿ ಅದನ್ನು ಕೇಳಿ ಮುಖಕ್ಕೆ ಕೈ ಮುಚ್ಚಿಕೊಂಡಳು. ಅಲ್ಲಿಂದ ಆಂಬುಲೆನ್ಸಿನಲ್ಲಿ ಇಬ್ಬರನ್ನೂ ವಿಜಯಪುರಕ್ಕೆ ಸಾಗಿಸಿದರು.

ಮರುದಿನ ಬೆಳಿಗ್ಗೆ ನನ್ನ ಕೈಗೆ ಪ್ಲಾಸ್ಟರ್ ಹಾಕಿದ್ದರು. ಸೋದರತ್ತೆ ಕೊಟ್ಟ ಸೀರೆ ಉಟ್ಟು ಹುಡುಗಿಯ ವಾರ್ಡಿಗೆ ಹೋದೆ. ಸೋದರತ್ತೆಯ ಕೈಯೆಲ್ಲ ಪರಚು ಗಾಯ. ಆ ಚಿಲಕ ತೆಗೆಯಲು ಅವಳು ಒಳಗಿದ್ದವರ ಜೊತೆ ಬಡಿದಾಡಿದ್ದಳಂತೆ. ಹುಡುಗಿ ಮತ್ತು ಬೀಗತಿಗೆ ಅಕ್ಕಪಕ್ಕದ ಮಂಚ ಕೊಟ್ಟಿದ್ದರು. ಹುಡುಗಿಯ ಮುಖಕ್ಕೆ ಆಕ್ಸಿಜನ್ ಮಾಸ್ಕು ಇತ್ತು. ಕಣ್ಣು ಇನ್ನೂ ತೆರೆಯುತ್ತಿರಲಿಲ್ಲ. ಆದರೆ ಎದೆ ಸರಾಗವಾಗಿ ಏರಿಳಿಯುತ್ತಿತ್ತು. ನಾನು ಅದನ್ನೇ ನೋಡುತ್ತ ಸುಮಾರು ಹೊತ್ತು ಕೂತೆ.

ಪೊಲೀಸ್ ಜಮಾದಾರ ಹೇಳಿಕೆ ಬರೆದುಕೊಳ್ಳಲು ಬಂದ. ಅವನ ಹಿಂದೆ ಮೂಗಿಗೆ ಪಟ್ಟಿ ಸುತ್ತಿಕೊಂಡ ಕಾಕಾ, ಅವನ ಹಿಂದೆ ಮದುಮಗ.

"ಈಕೀನ ಬರಕೋರಿ" ಎಂದು ಕಾಕಾ ನನ್ನ ಕಡೆ ಬೆರಳು ಮಾಡಿದ. "ಏನೋ ಕೆಟ್ಟ ಅತ್ತರ ತಂದು ಹಚ್ಚಿ ಜೇನ ಎಬ್ಬಿಸ್ಯಾಳ. ನಮ್ಮ ಹೆಣ್ಣಿನ ಸೀರಿ ಬಿಚ್ಚಿ ಮಾನ ತಗದಾಳ. ನನ್ನ ಮೂಗ ಒಡದಾಳ."

"ಮೂಗ ಒಡದದ್ದು ಖರೇ ಐತ್ರಿ" ಎಂದೆ. "ಅದನ್ನ ಮೊದಲ ಬರಕೋರಿ."

ಜಮಾದಾರ ನಗು ತಡೆದುಕೊಂಡು ಕೇಳಿದ. "ಅತ್ತರ ಯಾರ ಹಚ್ಚಿದ್ರು?"

ಆಗ ಪಕ್ಕದ ಮಂಚದಿಂದ ಬೀಗತಿ ಮೆಲ್ಲನೆ ಎದ್ದು ಕೂತಳು. ಅವಳ ಅಂಗೈಗಳು ರೊಟ್ಟಿಯಂತೆ ಉಬ್ಬಿದ್ದವು.

"ನಾ ಹಚ್ಚೇನ್ರಿ. ಇವರು ಬ್ಯಾಡಂತ ಹೇಳಿದ್ರು, ನಾ ಕೇಳಲಿಲ್ಲ. ಬರಕೋರಿ, ನಾನ ಹಚ್ಚೇನಿ."

"ವೈನಿ, ನೀವು ಸುಮ್ನ ಇರ್ರಿ" ಎಂದು ಕಾಕಾ ಅತ್ತಿಗೆಯನ್ನು ಗದರಿಸಿದ.

"ನೀ ಸುಮ್ನ ಇರಪಾ. ನಿನ್ನ ಮಾತ ಕೇಳಿದ್ದು ಸಾಕಾಗೇತಿ." ಅವಳು ಉಬ್ಬಿದ ಕೈಯನ್ನು ಅವನ ಕಡೆ ಚಾಚಿದಳು. "ಸೀರಿ ಸೀರಿ ಅಂತ ನೀ ಬಾಗಲಾ ಕಟ್ಟಿ ನಿಂತಿ. ಅಲ್ಲೇ ಸತ್ತ ಹೋಗತಿತ್ತು ನಮ್ಮ ಹುಡುಗಿ. ಈ ಅತ್ತರಿನ ಬಾಯಾರ ಉಳಿಸ್ಯಾರ. ಹೋದದ್ದೆಲ್ಲಾ ಹೋಗ್ಲಿ, ನನ್ನ ಸೊಸಿ ಬದುಕ್ಯಾಳ, ನನಗ ಅಷ್ಟ ಸಾಕು."

ಹಿಂದಿನ ದಿನ ಇವಳನ್ನು ಹೊರಗೇ ಬಿಡಬೇಕು ಎಂದುಕೊಂಡಿದ್ದೆನಲ್ಲ ಎನಿಸಿತು. ಸೋದರತ್ತೆ ಕಣ್ಣು ಒರೆಸಿಕೊಂಡಳು. ಮದುಮಗನಿಗೆ ಧೈರ್ಯ ಬಂದಿರಬೇಕು, ಮುಂದೆ ಬಂದು ಹುಡುಗಿಯ ಮಂಚದ ಅಂಚಿಗೆ ಕೈ ಇಟ್ಟ. "ನಾ ಇಲ್ಲೇ ಅದೇನಿ, ಅಂಜಬ್ಯಾಡ" ಎಂದ.

ಹುಡುಗಿ ಕೈ ಎತ್ತಿ ಮಾಸ್ಕನ್ನು ಗದ್ದಕ್ಕೆ ಸರಿಸಿದಳು. ದನಿ ಒಡೆದು ಹೋಗಿತ್ತು.

"ನಿನ್ನೆ ನನ್ನ ಕಣ್ಣ ಮುಚ್ಚಿದ್ವು. ಕಿವಿ ಮುಚ್ಚಿರಲಿಲ್ಲ" ಎಂದಳು. ಮದುಮಗನ ಕೈ ಮಂಚದಿಂದ ಕೆಳಗೆ ಇಳಿಯಿತು.

ಆಮೇಲೆ ಅವಳು ಕುರುಡಾಗಿ ಕೈ ಚಾಚಿ, ಪಕ್ಕದ ಮಂಚದ ಮೇಲಿದ್ದ ಬೀಗತಿಯ ಉಬ್ಬಿದ ಕೈಯನ್ನು ಹುಡುಕಿ ಹಿಡಿದುಕೊಂಡಳು. ಮೆತ್ತಗೆ, ನೋಯದ ಹಾಗೆ ಹಿಡಿದುಕೊಂಡಳು.

"ನೀವು ಖರೇ ಹೇಳಿದ್ರಿ, ದೊಡ್ಡವರು. ಆದ್ರ ನನಗ ಸೊಸಿ ಅನಬ್ಯಾಡ್ರಿ. ಅಕ್ಕಿಕಾಳು ಬಿದ್ದಿಲ್ಲ."